ಮ್ಯಾನೇಜರನ್ನು ಮನೆಗೆ ಕಳಿಸುವ ಬಗೆ

ನನಗೆ ಯಾವ ಕೇಡನ್ನೂ ಮಾಡದ ಒಬ್ಬ ಮನುಷ್ಯನನ್ನು ಕೆಲಸದಿಂದ ತೆಗೆಯಬೇಕೆಂದು ನಾನು ಎರಡು ವರ್ಷ, ಪ್ರತಿ ಶನಿವಾರ, ತಪ್ಪದೆ ಒತ್ತಾಯ ಮಾಡಿದ್ದೇನೆ. ಆತ ಇರುವುದು ಇಂಗ್ಲೆಂಡಿನಲ್ಲಿ, ನಾನಿರುವುದು ಕೂಡ್ಲಿಗಿಯಲ್ಲಿ. ಆತ ಅಲ್ಲಿನ ಒಂದು ಫುಟ್‌ಬಾಲ್ ತಂಡದ ಮ್ಯಾನೇಜರ್. ಯಾರು ಆಡಬೇಕು, ಯಾರು ಹೊರಗೆ ಕೂರಬೇಕು ಎಂದು ತೀರ್ಮಾನಿಸಿ, ತೊಂಬತ್ತು ನಿಮಿಷ ಗೆರೆಯ ಪಕ್ಕ ನಿಂತು ಕೈ ಬೀಸುವುದು ಆತನ ಉದ್ಯೋಗ. ಶನಿವಾರ ರಾತ್ರಿ ಒಂಬತ್ತೂ ಇಪ್ಪತ್ತಕ್ಕೆ ನಾನು ಫೋನು ತೆಗೆದು, ಆ ತಂಡದ ಅಭಿಮಾನಿಗಳು ಬರೆದುಕೊಳ್ಳುವ ಜಾಗದಲ್ಲಿ, ‘ಇವರು ಹಳೆಯ ಕಾಲದವರು, ಬದಲಾವಣೆ ಬೇಕು’ ಎಂದು ಕನ್ನಡದಲ್ಲೇ ಬರೆದು, ಒಂಬತ್ತೂವರೆಗೆ ದೀಪ ಆರಿಸಿ ಮಲಗುತ್ತಿದ್ದೆ. ನಿದ್ದೆ ಚೆನ್ನಾಗಿ ಬರುತ್ತಿತ್ತು. ಇನ್ನೊಬ್ಬರ ಕೆಲಸ ಕಳೆಯಲು ಶ್ರಮಿಸಿದ ದಿನ ಮನುಷ್ಯನಿಗೆ ಅಂಥ ನಿದ್ದೆ ಬರುತ್ತದೆಂದು ನಾನು ಎಲ್ಲಿಯೂ ಓದಿರಲಿಲ್ಲ.

ಒಂಬತ್ತೂ ಇಪ್ಪತ್ತೇ ಏಕೆ ಎಂದು ನೀವು ಕೇಳಬಹುದು. ಆಟ ನಮ್ಮ ಎಂಟೂವರೆಗೆ ಆರಂಭವಾಗುತ್ತದೆ. ಒಂಬತ್ತೂಕಾಲಿಗೆ ಅರ್ಧ ಮುಗಿಯುತ್ತದೆ. ನಾನು ಮಲಗುವುದು ಒಂಬತ್ತೂವರೆಗೆ. ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಡ್ರಿಲ್ ಮಾಸ್ತರನಾಗಿದ್ದವನು ಯಾರದೋ ಗೋಲಿಗಾಗಿ ಆ ಹೊತ್ತನ್ನು ಬದಲಿಸಲಾರ. ಅಂದರೆ, ಆತನನ್ನು ತೆಗೆಯಿರಿ ಎಂದು ನಾನು ಬರೆದದ್ದೆಲ್ಲ ಅರ್ಧ ಆಟ ನೋಡಿ. ಉಳಿದರ್ಧದಲ್ಲಿ ಆತ ಕೆಲವು ಸಲ ಗೆದ್ದದ್ದೂ ಉಂಟು. ಅದು ನನಗೆ ಬೆಳಗಿನ ಐದಕ್ಕೆ ತಿಳಿಯುತ್ತಿತ್ತು. ಆದರೆ ಬರೆದದ್ದನ್ನು ಅಳಿಸುವುದು ಹೇಗೆಂದು ನನಗೆ ತಿಳಿಯುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಮೊದಲು ನಾನು ಆತನ ಭಕ್ತನೇ ಆಗಿದ್ದೆ. ಮಿಕ್ಕ ಮ್ಯಾನೇಜರುಗಳು ಚೆಂಡನ್ನು ನೋಡುವಾಗ ಆತ ಗಡಿಯಾರ ನೋಡುತ್ತಿದ್ದ. ಅಂಗಿಯ ಜೇಬಿನಲ್ಲಿ ಸಣ್ಣ ಪುಸ್ತಕವಿತ್ತು. ಆಟಗಾರನೊಬ್ಬ ತಪ್ಪು ಮಾಡಿದರೆ ಕೂಗುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದ. ಬಿಳಿಯರಲ್ಲೂ ಇಂಥ ಶಿಸ್ತಿನವರು ಇದ್ದಾರಲ್ಲ ಎಂದು ನನಗೆ ಹೆಮ್ಮೆಯಾಗಿತ್ತು. ಮೊದಮೊದಲು ಆತ ಗೆದ್ದೇ ಗೆದ್ದ. ಆಮೇಲೆ ಅದೇ ಪುಸ್ತಕ, ಅದೇ ಗಡಿಯಾರ, ಅದೇ ಹನ್ನೊಂದು ಮಂದಿ, ಆದರೆ ಸೋಲು. ನನಗೆ ಸಿಟ್ಟು ಬಂದದ್ದು ಸೋಲಿಗಲ್ಲ, ಅಲ್ಲಿಯ ಊರಿನ ಜನಕ್ಕೆ. ಮೂರು ಗೋಲು ತಿಂದರೂ ಅವರು ಮಳೆಯಲ್ಲಿ ನೆನೆಯುತ್ತ ಆತನ ಹೆಸರು ಹಿಡಿದು ಹಾಡುತ್ತಿದ್ದರು. “ಇವರಿಗೇನು ಬುದ್ಧಿ ಇಲ್ಲೇನು?” ಎಂದು ನಾನು ಒಮ್ಮೆ ಹೆಂಡತಿ ಶಾರದೆಯನ್ನು ಕೇಳಿದೆ. ಆಕೆ ಅವರೆಕಾಳು ಸುಲಿಯುತ್ತ, “ಅದು ಅವ್ರ ಊರಿನ ತಂಡ ರೀ. ಮನೀ ಮಗ ನಪಾಸಾದ್ರ ಯಾರರ ಹೊರಗ ಹಾಕ್ತಾರೇನು? ನಿಮಗೇನು, ಬ್ಯಾಸರ ಆತಂದ್ರ ಚಾನೆಲ್ ತಿರುವ್ತೀರಿ” ಎಂದಳು. ಫುಟ್‌ಬಾಲಿನ ಬಗ್ಗೆ ಏನೂ ತಿಳಿಯದವರ ಮಾತು ಎಂದು ನಾನು ಅದನ್ನು ಬಿಟ್ಟುಬಿಟ್ಟೆ.

ನಾನೂ ಒಬ್ಬ ಮ್ಯಾನೇಜರ್ ಎಂಬುದನ್ನು ಇಲ್ಲಿಯವರೆಗೆ ಹೇಳದೆ ಮುಚ್ಚಿಟ್ಟಿದ್ದೆ. ಕೂಡ್ಲಿಗಿಯ ಫುಟ್‌ಬಾಲ್ ತಂಡವನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದವನು ನಾನೇ. ನಮ್ಮ ಕಡೆ ಕಬಡ್ಡಿಗೆ ಜನ ಇದ್ದಾರೆ, ವಾಲಿಬಾಲಿಗೆ ಇದ್ದಾರೆ, ಕ್ರಿಕೆಟ್ಟಿಗಂತೂ ಬೇಡವೆಂದರೂ ಇದ್ದಾರೆ. ಫುಟ್‌ಬಾಲಿಗೆ ಸರಿಯಾಗಿ ಹನ್ನೊಂದು ಮಂದಿ. ಹನ್ನೆರಡನೆಯವನು ಬೇಕಾದರೆ ಕೊಟ್ಟೂರಿನ ಬಸ್ಸು ಬರುವವರೆಗೆ ಕಾಯಬೇಕು. ಆದರೂ ಒಂದು ಕಾಲಕ್ಕೆ ನಾವು ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲರನ್ನೂ ಸೋಲಿಸಿದವರು. ಈಚೆಗೆ ಎರಡು ವರ್ಷ ಎಲ್ಲರೂ ನಮ್ಮನ್ನು ಸೋಲಿಸಿದರು. ಆಟಗಾರನನ್ನು ಅರುವತ್ತನೆಯ ನಿಮಿಷಕ್ಕಿಂತ ಮೊದಲು ಬದಲಿಸಬಾರದು ಎಂಬುದು ನನ್ನ ನಿಯಮ. ಸಣ್ಣಪುಟ್ಟ ನೋವಿಗೆಲ್ಲ ಹೊರಗೆ ಕರೆದರೆ ಹುಡುಗರು ಮೆತ್ತಗಾಗುತ್ತಾರೆ. ತಂಬ್ರಹಳ್ಳಿಯಲ್ಲಿ ಆಡಿದಾಗ ನಮ್ಮ ಗೋಲ್‌ಕೀಪರ್ ಕಾಲು ಉಳುಕಿ ನೆಲಕ್ಕೆ ಕೂತ. ಗಡಿಯಾರ ನೋಡಿದೆ, ಐವತ್ತೆಂಟು. ಎರಡು ನಿಮಿಷದ ಮಾತು, ತಡೆದುಕೊಳ್ಳಲಿ ಎಂದೆ. ಆ ಎರಡು ನಿಮಿಷದಲ್ಲಿ ಎರಡು ಗೋಲಾದವು. ಎರಡನೆಯದನ್ನು ಪಾಪ ಅವನು ಕೂತಲ್ಲೇ ಕೂತು ನೋಡಿದ.

ಇಂಥ ತಂಡಕ್ಕೂ ಅಭಿಮಾನಿಗಳಿದ್ದರು. ಊರಿನ ಅಭಿಮಾನಿಗಳಲ್ಲಿ ದೊಡ್ಡವನು ದುರುಗಪ್ಪ. ಒಂದು ಕಚೇರಿಯಲ್ಲಿ ಅಟೆಂಡರ್. ಸಂಜೆ ಐದಕ್ಕೆ ಬಿಟ್ಟವನು ಐದೂವರೆಗೆ ಮೈದಾನದ ಕಾಂಪೌಂಡ್ ಗೋಡೆ ಹತ್ತಿ ಕೂತರೆ, ಕತ್ತಲಾಗುವವರೆಗೂ ನನ್ನನ್ನು ಬೈಯುವುದೇ ಅವನ ಕೆಲಸ. “ಮಾಸ್ತರ, ಇದು ಫುಟ್‌ಬಾಲೋ ಪ್ರೇಯರ್ರೋ? ಸಾಲಾಗಿ ನಿಲ್ಲಿಸಿದ್ರ ಗೋಲ್ ಆಗ್ತೈತೇನ್ರಿ?” “ಆ ಎಡಗಡಿ ಹುಡುಗ ನಿಂತಲ್ಲೇ ನಿದ್ದಿ ಹೊಡ್ಯಾಕತ್ಯಾನ, ಹಾಸಿಗಿ ತಂದು ಕೊಡ್ರಿ!” ದೂರದ ಅಭಿಮಾನಿ ಎಂದರೆ ಹಡಗಲಿಯ ನಾಗರಾಜ. ನನ್ನ ಹಳೆಯ ಶಿಷ್ಯ, ಈಗ ಅಲ್ಲಿ ಅಧ್ಯಾಪಕ. ಆಟಕ್ಕೆ ಬರುವುದಿಲ್ಲ, ನಮ್ಮ ತಂಡದ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಇರುತ್ತಾನೆ. ಗೆದ್ದ ದಿನ ಎರಡು ಕೈ ಮುಗಿದ ಚಿತ್ರ, ಹೂವಿನ ಚಿತ್ರ, ‘ಗುರುಗಳೇ, ನಿಮ್ಮಂಥವರು ಈಗ ಎಲ್ಲಿದ್ದಾರೆ’ ಎಂಬ ಮಾತು. ನಾನು ದುರುಗಪ್ಪನನ್ನು ಕಿಡಿಗೇಡಿ ಎಂದೂ ನಾಗರಾಜನನ್ನು ನಿಷ್ಠಾವಂತ ಎಂದೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ.

ತಂಬ್ರಹಳ್ಳಿಯ ಆಟದ ಮರುದಿನ ನಾಗರಾಜ ಗುಂಪಿನಲ್ಲಿ ಬರೆದ: ‘ಮಾಸ್ತರರ ಬಗ್ಗೆ ಅಪಾರ ಗೌರವವಿದೆ. ಆದರೆ ಅವರು ಹಳೆಯ ಕಾಲದವರು, ಬದಲಾವಣೆ ಬೇಕು.’ ಕೊನೆಗೆ ಎರಡು ಕೈ ಮುಗಿದ ಚಿತ್ರ. ನಾನು ಅದನ್ನು ಮೂರು ಸಲ ಓದಿದೆ. ಇಂಗ್ಲೆಂಡಿನವರು ನನ್ನ ಮಾತನ್ನು ಓದಿದರೋ ಇಲ್ಲವೋ, ಹಡಗಲಿಯವರು ಓದಿದ್ದರು.

ಅಂದಿನಿಂದ ನಾನು ಶಾಲು ಕಂಡರೆ ಹೆದರತೊಡಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲೆಂಡಿನಲ್ಲಿ ಮ್ಯಾನೇಜರನ್ನು ತೆಗೆಯಬೇಕಾದರೆ ಒಂದು ಕಾಗದ ಕೊಟ್ಟು ನಾಳೆಯಿಂದ ಬರಬೇಡ ಎನ್ನುತ್ತಾರಂತೆ. ನಮ್ಮ ಸುತ್ತಿನ ಐದೂ ತಾಲ್ಲೂಕಿನಲ್ಲಿ ಹುಡುಕಿದರೂ ಹಾಗೆ ಮುಖ ನೋಡಿ ಹೇಳುವ ಗಂಡಸು ಸಿಗುವುದಿಲ್ಲ. ನಾವು ಸನ್ಮಾನ ಮಾಡುತ್ತೇವೆ. ಮೊದಲು ಆ ಮನುಷ್ಯನನ್ನು ‘ಹಿರಿಯರು’ ಎನ್ನಲು ಶುರುಮಾಡುತ್ತೇವೆ, ಬಳಿಕ ‘ಮಾರ್ಗದರ್ಶಕರು’. ಒಂದು ದಿನ ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ದೊಡ್ಡದೊಂದು ಹಣ್ಣಿನ ಬುಟ್ಟಿಯನ್ನು ಕೈಗಿಡುತ್ತೇವೆ. ಎರಡು ಕೈಯೂ ಬುಟ್ಟಿಯಲ್ಲಿ ಸಿಕ್ಕಿಕೊಂಡಾಗ ಅಧಿಕಾರ ತಾನಾಗಿ ಕೆಳಗೆ ಬೀಳುತ್ತದೆ. ನನಗೆ ಇದು ಚೆನ್ನಾಗಿ ಗೊತ್ತು. ನನಗಿಂತ ಮೊದಲು ಈ ತಂಡ ನಡೆಸುತ್ತಿದ್ದ ಒಬ್ಬ ಆಸ್ಪತ್ರೆ ಕಾಂಪೌಂಡರಿಗೆ ಶಾಲು ಹೊದಿಸಿದವನೇ ನಾನು. ಆ ಪುಣ್ಯಾತ್ಮರು ಬುಟ್ಟಿ ಹೊತ್ತು ಮನೆಗೆ ಹೋದವರು ಮತ್ತೆ ಮೈದಾನದ ಕಡೆ ಬರಲಿಲ್ಲ. ಮರುದಿನದಿಂದ ಸೀಟಿ ನನ್ನ ಕೊರಳಿನಲ್ಲಿತ್ತು.

ಮುಂದಿನ ಭಾನುವಾರ ನಮ್ಮ ಮೈದಾನದಲ್ಲಿ ಹಡಗಲಿಯವರೊಂದಿಗೆ ಆಟ. ಸಂಜೆ ಐದಕ್ಕೆ ಶುರು. ಅದಕ್ಕೂ ಮೊದಲು ಹುಡುಗರು ಸಣ್ಣದೊಂದು ಸಮಾರಂಭ ಇಟ್ಟುಕೊಂಡಿದ್ದರು. ನಾಗರಾಜನೂ ಬಿಳಿಯ ಅಂಗಿ ಹಾಕಿಕೊಂಡು ಬಂದು ವೇದಿಕೆಯ ಮೇಲೆ ಕೂತಿದ್ದ. ನಾನು ಚೆಂಡಿಗೆ ಗಾಳಿ ತುಂಬುತ್ತಿದ್ದೆ. ನಮ್ಮ ನಾಯಕ ಕೊಟ್ರೇಶ ಓಡಿ ಬಂದ. ಅವನು ಲೈನ್‌ಮನ್, ಕರೆಂಟಿನ ಕಂಬಕ್ಕೂ ಹೆದರದವನು, ಆದರೆ ಅಂದು ನನ್ನ ಮುಖ ನೋಡುತ್ತಿರಲಿಲ್ಲ.

“ಸರ, ಒಂದೈದು ನಿಮಿಷ ಸ್ಟೇಜಿಗೆ ಬರ್ರಿ.”

“ಯಾಕೋ?”

“ಬರ್ರಿ ಸರ, ಹೇಳ್ತೀನಿ.”

ಹೋಗಿ ನೋಡಿದರೆ ಮೇಜಿನ ಮೇಲೆ ಶಾಲು, ಹಾರ, ಹೊಳೆಯುವ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಗೋಡೆಯ ಮೇಲಿಂದ ದುರುಗಪ್ಪ, “ಏ, ಮಾಸ್ತರಗ ಮದಿವಿ ಮಾಡಾಕತ್ಯಾರಲೇ!” ಎಂದು ಕೂಗಿದ. ನನ್ನ ಸರದಿ ಬಂತೆಂದುಕೊಂಡೆ. ಆದರೆ ಮುಖದಲ್ಲಿ ತೋರಿಸಲಿಲ್ಲ. ಶಾಲು ಹೊದಿಸಿಕೊಂಡೆ. ಬುಟ್ಟಿಯನ್ನು ಮಾತ್ರ ಮುಟ್ಟದೆ ಮೈಕು ಹಿಡಿದುಕೊಂಡೆ. ‘ಒಂದು ತಂಡ ನಡೆಸುವವನು ತಾನು ಹೋಗುವ ಹೊತ್ತನ್ನು ತಾನೇ ತಿಳಿಯಬೇಕು, ಇನ್ನೊಬ್ಬರಿಂದ ಹೇಳಿಸಿಕೊಳ್ಳಬಾರದು’ ಎಂದು ಆರಂಭಿಸಿ, ಸರಿಯಾಗಿ ಮೂರು ನಿಮಿಷ ಮಾತಾಡಿ, ಕೊರಳಿನ ಸೀಟಿ ತೆಗೆದು ಕೊಟ್ರೇಶನ ಕೊರಳಿಗೆ ಹಾಕಿದೆ. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಿರೂಪಣೆಯವನು “ಜೋರಾದ ಚಪ್ಪಾಳೆ!” ಎಂದ. ನಮ್ಮೂರಿನಲ್ಲಿ ಮೈಕಿನವನು ಚಪ್ಪಾಳೆ ಎಂದರೆ ತಟ್ಟುತ್ತಾರೆ, ಯಾಕೆ ಎಂದು ಕೇಳುವ ಪದ್ಧತಿ ಇಲ್ಲ. ಎಲ್ಲರೂ ತಟ್ಟಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದವನು ನಾಗರಾಜ.

ವೇದಿಕೆಯ ಹಿಂದೆ ಕೊಟ್ರೇಶ ನನ್ನ ರಟ್ಟೆ ಹಿಡಿದುಕೊಂಡ. “ಏನ್ ಮಾಡಿಬಿಟ್ರಿ ಸರ! ಆ ಶಾಲ ನಿಮ್ದಲ್ರಿ! ಹೊಸಪೇಟಿಂದ ಗೆಸ್ಟ್ ಬರ್ಬೇಕಿತ್ತು, ಬರಲಿಲ್ಲ. ತಂದಿದ್ದು ಯಾಕ ಕೆಡಸೋದು, ಹಣ್ಣು ಬ್ಯಾರೆ ಅದಾವ, ಮಾಸ್ತರಗರ ಹಾಕೋಣಂದ್ವಿ. ಯಾರ್ ಬಿಡ್ರಿ ಅಂದ್ರು ನಿಮಗ?”

ನಾನು ಹೆಗಲ ಮೇಲಿನ ಶಾಲಿನ ಅಂಚನ್ನು ತಿರುಗಿಸಿ ನೋಡಿದೆ. ‘ಮುಖ್ಯ ಅತಿಥಿಗಳಿಗೆ’ ಎಂದು ಚೀಟಿ ಅಂಟಿಸಿತ್ತು. ಕೊಟ್ರೇಶ ಸೀಟಿ ತೆಗೆದು ಮುಂದೆ ಹಿಡಿದು, “ತಗೋರಿ ಸರ, ಏನೂ ಆಗಿಲ್ಲ” ಎಂದ. ತೆಗೆದುಕೊಳ್ಳಬಹುದಿತ್ತು. ಆದರೆ ಮೈಕಿನಲ್ಲಿ ಆಡಿದ ಮಾತು. ಮೇಲಾಗಿ ಐದಕ್ಕೆ ಎರಡೇ ನಿಮಿಷ ಇತ್ತು, ಚರ್ಚೆಗಾಗಿ ನಾನು ಯಾವತ್ತೂ ಆಟ ತಡ ಮಾಡಿದವನಲ್ಲ. “ಹೋಗಿ ಆಟ ಶುರು ಮಾಡಸು” ಎಂದೆ. ಅವನು ಇಪ್ಪತ್ತೈದನೆಯ ನಿಮಿಷಕ್ಕೇ ಒಬ್ಬನನ್ನು ಬದಲಿಸಿದ. ನಾವು ಎರಡು ಗೋಲಿನಿಂದ ಗೆದ್ದೆವು. ಬಹಳ ಸಂತೋಷವಾಯಿತು ಎಂದು ನಾನು ಎಲ್ಲರಿಗೂ ಹೇಳಿದೆ.

ಆ ವಾರ ಸಂಜೆ ಐದೂವರೆ ಎಂಬುದು ಇಷ್ಟು ಉದ್ದ ಇರುತ್ತದೆಂದು ನನಗೆ ತಿಳಿಯಿತು. ಮೊದಲ ದಿನ ಅಡುಗೆಮನೆಯ ಡಬ್ಬಿಗಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿದೆ. ಎರಡನೆಯ ದಿನ ಶಾರದೆಗೆ ಒಗ್ಗರಣೆ ಹಾಕುವ ಕ್ರಮ ಹೇಳಿಕೊಟ್ಟೆ. ಶನಿವಾರ ರಾತ್ರಿ ಮೊದಲ ಸಲ ಎರಡನೆಯ ಅರ್ಧವನ್ನೂ ನೋಡಿದೆ. ನನ್ನ ಆ ಮ್ಯಾನೇಜರ್ ನಾಲ್ಕು ಗೋಲು ತಿಂದು ಮಳೆಯಲ್ಲಿ ನಿಂತಿದ್ದ. ಪುಸ್ತಕ ನೆನೆಯಬಾರದೆಂದು ಕೋಟಿನೊಳಗೆ ಇಟ್ಟುಕೊಂಡ. ಜನ ಎದ್ದು ಹೋಗಿರಲಿಲ್ಲ. ನಾನು ಏನನ್ನೂ ಬರೆಯಲಿಲ್ಲ. ಸೋಮವಾರ ಬೆಳಿಗ್ಗೆ ಉಪ್ಪಿನ ಡಬ್ಬಿ ಸಿಗದೆ ಶಾರದೆ ಸಿಟ್ಟಿಗೆದ್ದಳು. “ನಿಮ್ಮ ಕೈ ಮುಗೀತೀನಿ, ಸಂಜಿಗೆ ಮೈದಾನಕ್ಕ ಹೋಗ್ರಿ. ಆಡಸಾಕ ಆಗಲಿಲ್ಲಂದ್ರ ಸುಮ್ನ ಕುಂತು ನೋಡ್ರಿ. ಬಿಟ್ಟಿದ್ದು ಸೀಟಿ, ಕಾಲಲ್ಲ.”

ಹೋದೆ. ಕೂರಲು ಗೋಡೆ ಬಿಟ್ಟರೆ ಬೇರೆ ಜಾಗ ಇರಲಿಲ್ಲ. ದುರುಗಪ್ಪ ನನ್ನನ್ನು ಕೈ ಹಿಡಿದು ಮೇಲಕ್ಕೆಳೆದುಕೊಂಡ. ಎಳೆದುಕೊಂಡ ಮೇಲೆ ಬೈಯಲು ಶುರು ಮಾಡಿದ.

“ಯಾರನ್ನ ಕೇಳಿ ಬಿಟ್ರಿ ಮಾಸ್ತರ?”

“ದಿನಾ ಬೈತಿದ್ದವ ನೀನ ಅಲ್ಲೇನೋ?”

“ಬೈಯೋದು ಬ್ಯಾರೆ, ಬಿಡ್ರಿ ಅನ್ನೋದು ಬ್ಯಾರೆ. ಒಂದಿನರ ಬಿಡ್ರಿ ಅಂದೀನೇನು ನಾನು? ಇಪ್ಪತ್ತು ವರ್ಷ ಬೈದು ಬೈದು ನಿಮ್ಮನ್ನ ಒಂದು ಹದಕ್ಕ ತಂದಿದ್ದೆ. ಈಗ ಆ ಕೊಟ್ರೇಶಗ ಮೊದಲಿಂದ ಬೈಬೇಕು. ನನಗೂ ವಯಸ್ಸಾತ್ರಿ.”

ನಾನು ಕರವಸ್ತ್ರದಿಂದ ಗೋಡೆಯ ಧೂಳು ಒರೆಸಿ ಸರಿಯಾಗಿ ಕೂತೆ.

ಹೀಗೆ ನಾನು ಗೋಡೆಯವನಾದೆ. ಕೊಟ್ರೇಶನ ತಂಡ ಮುಂದಿನ ಎರಡು ಆಟ ಸೋತಿತು, ಒಂದು ಕೊಟ್ಟೂರಿನಲ್ಲಿ, ಒಂದು ಹರಪನಹಳ್ಳಿಯಲ್ಲಿ. ನಾವಿಬ್ಬರೂ ಬಸ್ಸಿನಲ್ಲಿ ಹೋಗಿ, ಕೂಗಿ, ಗಂಟಲು ಕೆಡಿಸಿಕೊಂಡು ಬಂದೆವು. ಹರಪನಹಳ್ಳಿಯ ಸೋಲಿನ ಮರುದಿನ ಸಂಜೆ ಗೋಡೆಯ ಮೇಲೆ ಕೂತಿದ್ದಾಗ ಫೋನು ಸದ್ದು ಮಾಡಿತು. ಹಡಗಲಿಯಿಂದ ನಾಗರಾಜ: ‘ಕೊಟ್ರೇಶನಿಗೆ ಅನುಭವ ಸಾಲದು. ಮಾಸ್ತರರ ಕಾಲವೇ ಚೆನ್ನಾಗಿತ್ತು. ಬದಲಾವಣೆ ಬೇಕು.’

ನಾನು ಓದಿದೆ. ಕೆಳಗೆ ಕೊಟ್ರೇಶ ಹುಡುಗರಿಗೆ ಏನೋ ಹೇಳಿಕೊಡುತ್ತಿದ್ದ, ಒಬ್ಬನೂ ಕೇಳುತ್ತಿರಲಿಲ್ಲ. ಅವನಿಗೆ ಎಷ್ಟು ಕಷ್ಟವಾಗುತ್ತಿದೆಯೆಂದು ನನಗಿಂತ ಚೆನ್ನಾಗಿ ತಿಳಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಅದೆಲ್ಲ ತಿಳಿದೂ, ಆಚೀಚೆ ನೋಡಿ, ನಾಗರಾಜನ ಮಾತಿನ ಕೆಳಗೆ ಮೆಚ್ಚುಗೆಯ ಹೆಬ್ಬೆರಳು ಒತ್ತಿಬಿಟ್ಟೆ.

ಆಚೀಚೆ ನೋಡಿದ್ದೆ, ಹಿಂದೆ ನೋಡಿರಲಿಲ್ಲ. ಆಗಷ್ಟೇ ಹಿಂದಿನಿಂದ ಗೋಡೆ ಹತ್ತುತ್ತಿದ್ದ ದುರುಗಪ್ಪ ನನ್ನ ಭುಜದ ಮೇಲಿಂದ ಇಣುಕುತ್ತಿದ್ದ. ಅವನು ಬೈಯಲಿಲ್ಲ. ಹೆದರಿಕೆಯಾದದ್ದು ಅದಕ್ಕೇ.

“ಮಾಸ್ತರ, ಗ್ವಾಡಿ ಇಳೀರಿ” ಎಂದ.

ಇಳಿದೆ. ಬೇರೆ ಏನು ಮಾಡಲಿ? ಮನೆಗೆ ಹೋಗಿ ಶಾರದೆಗೂ ಹೇಳಲಿಲ್ಲ. ಮರುದಿನ ಐದೂವರೆಗೆ ಮೈದಾನಕ್ಕೆ ಹೋಗಿ, ಒಂದಿಷ್ಟು ಹೊತ್ತು ಗೋಡೆಯ ಕೆಳಗೆ ನಿಂತೆ. ತಡವಾಗಿ ಬಂದ ವಿದ್ಯಾರ್ಥಿಗಳನ್ನು ನಾನು ಹಾಗೆ ನಿಲ್ಲಿಸುತ್ತಿದ್ದೆ. ದುರುಗಪ್ಪ ಮೈದಾನದ ಕಡೆಗೇ ನೋಡುತ್ತ, ಒಂದು ಮೊಳ ಪಕ್ಕಕ್ಕೆ ಸರಿದು ಜಾಗ ಮಾಡಿದ. ಹತ್ತಲು ಕೈ ಚಾಚಿದೆ. ಅವನೂ ಕೈ ಚಾಚಿದ, ಆದರೆ ನನ್ನ ಕೈ ಹಿಡಿಯಲಿಲ್ಲ, ಅಂಗೈ ಮೇಲೆ ಮಾಡಿ ಹಿಡಿದುಕೊಂಡೇ ಇದ್ದ. ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಜೇಬಿನಿಂದ ಫೋನು ತೆಗೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ತನ್ನ ಜೇಬಿಗೆ ಹಾಕಿಕೊಂಡು ನನ್ನನ್ನು ಮೇಲಕ್ಕೆಳೆದುಕೊಂಡ. ಈಗ ದಿನವೂ ಅದೇ ಕ್ರಮ. ಕತ್ತಲಾದ ಮೇಲೆ ವಾಪಸು ಕೊಡುತ್ತಾನೆ.