ಆಷಾಢದ ಅಳಿಯ, ಹಿತ್ತಲ ಅತ್ತೆ

ಇವತ್ತು ನಲ್ಲಿ ನೀರು ಹಿಡಿದೆ. ಹಾಲು ಕಾಯಿಸಿದೆ. ಮನೆ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಟ್ಟೆ. ನೆನೆಸಿದ ಹುರುಳಿಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟೆ. ಅಳಿಯಂದಿರ ಜರಿ ಶಲ್ಯದ ಮೇಲಿದ್ದ ಎಲೆಯಡಿಕೆ ಕಲೆಯನ್ನು ನಿಂಬೆಹೋಳಿನಲ್ಲಿ ಉಜ್ಜಿದೆ. ಹೋಗಲಿಲ್ಲ, ಕಲೆ ಒಳಗೆ ಬರುವ ಹಾಗೆ ಮಡಿಸಿಟ್ಟೆ. ಇದರಲ್ಲೇನು ವಿಶೇಷ, ಎಲ್ಲರ ಮನೆಯಲ್ಲೂ ಇದ್ದದ್ದೇ ಅನ್ನುತ್ತೀರಿ. ವಿಶೇಷ ಇಷ್ಟೇ. ನನ್ನ ಮನೆಯ ಮುಂದೆ ನಾನೇ ರಂಗೋಲಿ ಬಿಡಲು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಚರಂಡಿ ಪಕ್ಕದ ಗಲ್ಲಿಯಲ್ಲಿ ಸೀರೆ ಎತ್ತಿಕೊಂಡು ನಡೆದು, ಹಿಟ್ಟಿನ ಮಿಲ್ಲು ಸುತ್ತಿ, ಎದುರುಮನೆ ಜಯಮ್ಮನ ಕಣ್ಣೆದುರು ಹಾದು ಹೋಗಬೇಕಾಯಿತು. ಹೋದ ಮೇಲೆ ರಂಗೋಲಿ ಪುಡಿ ಮರೆತದ್ದು ನೆನಪಾಗಿ ಹಾಗೇ ಸುತ್ತಿ ಬಂದು, ಮತ್ತೆ ಹಾಗೇ ಸುತ್ತಿ ಹೋದೆ. ಮಿಲ್ಲಿನವನು ಬಾಗಿಲು ತೆರೆಯುತ್ತಿದ್ದವನು, "ಏನಮ್ಮಾ, ಡಾಕ್ಟ್ರು ವಾಕಿಂಗ್ ಮಾಡಿ ಅಂದವ್ರಾ? ಸಕ್ಕರೆ ಕಾಯ್ಲೆನಾ?" ಅಂತ ಕೇಳಿದ. "ಇಲ್ಲ ಕಣಪ್ಪ, ಅಳಿಯ ಬಂದವ್ರೆ" ಅಂದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಅವನು ತಲೆ ಕೆರೆದುಕೊಂಡ. ನಿಮಗೂ ಹಾಗೇ ಅನ್ನಿಸಿರಬಹುದು, ಹೇಳುತ್ತೇನೆ.

ಮನೆಗೊಬ್ಬ ಪ್ರಸಿದ್ಧರು ಬಂದರೆ ಗೌರವ ಹೆಚ್ಚುತ್ತದೆ ಅಂತ ನಾನೂ ನಂಬಿದ್ದೆ. ಹೆಚ್ಚುವುದು ಒಗೆಯುವ ಬಟ್ಟೆ ಮಾತ್ರ. ನಮ್ಮ ಅಳಿಯ ಗುಂಡ್ಲುಪೇಟೆಯ ಮಾದೇಶ, ನಾದಸ್ವರದವರು. ಈ ಕಡೆ ಉಡಿಗಾಲದಿಂದ ಆ ಕಡೆ ಕೇರಳದ ಗಡಿಯವರೆಗೆ ಅವರ ಹೆಸರು ಗೊತ್ತಿಲ್ಲದ ಛತ್ರವಿಲ್ಲ. ಅದರಾಚೆ ಅವರು ಯಾರೋ, ಲೋಕ ಯಾರೋ. ಆದರೆ ಇಷ್ಟರೊಳಗೆ ಮಾತ್ರ ಅವರದೇ ರಾಜ್ಯ. ಹುಡುಗಿ ನೋಡುವ ಮೊದಲು ಮಾದೇಶ ಯಾವತ್ತು ಖಾಲಿ ಇದ್ದಾರೆ ಅಂತ ಕೇಳಿಕೊಂಡು ಬರುವ ಜನ ಇದ್ದಾರೆ. ನಮ್ಮದೂ ವಾಲಗದ ಮನೆತನವೇ; ನಮ್ಮ ಯಜಮಾನರ ತಲೆಮಾರಿಗೆ ಕಸುಬು ನಿಂತುಹೋಗಿ, ಅವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆದರು. ಈಗಲೂ ಯಾರಾದರೂ ಚೆನ್ನಾಗಿ ಊದಿದರೆ "ಶ್ವಾಸಕೋಶ ಗಟ್ಟಿ ಅದ" ಅನ್ನುತ್ತಾರೆಯೇ ಹೊರತು ರಾಗದ ಸುದ್ದಿಗೆ ಹೋಗುವುದಿಲ್ಲ.

ನನ್ನ ಮಗಳು ಪವಿತ್ರ ಈ ಪ್ರಸಿದ್ಧರನ್ನು ಮೊದಲು ಕಂಡದ್ದು ಬೇಗೂರಿನ ಒಂದು ಮದುವೆಯಲ್ಲಿ. ಯಾರದೋ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಮಾದೇಶ ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಊರೆಲ್ಲ ತಲೆದೂಗುವಂತೆ ಊದುತ್ತಿದ್ದರಂತೆ. ಇವಳು ಎದ್ದು ಹೋಗಿ ಭುಜ ತಟ್ಟಿ, "ಅಣ್ಣಾ, ಮಗ ಈಗ್ ತಾನೇ ಮಲಗ್ಯದೆ, ಒಸಿ ಮೆಲ್ಲಗೆ ಊದಿ" ಅಂದಳಂತೆ. ಅವರನ್ನು ಇನ್ನೊಂದು ಊದಿ ಅಂತ ಕೇಳಿದವರು ಸಾವಿರ ಜನ, ಕಡಿಮೆ ಮಾಡಿ ಅಂದವಳು ಇವಳೊಬ್ಬಳೇ. ಮನುಷ್ಯ ಅಲ್ಲೇ ಇವಳಿಗೆ ಬಿದ್ದುಹೋದ. ಮುಂದಿನ ವಾರವೇ ಹೆಣ್ಣು ಕೇಳಿ ಕಳಿಸಿದರು. ಅಣ್ಣಾ ಅಂದವನನ್ನೇ ಕಟ್ಟಿಕೊಂಡಳು ಅಂತ ನಾದಿನಿಯರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಮದುವೆಗೆ ದಿನ ಹುಡುಕುವುದೇ ದೊಡ್ಡ ಪಾಡಾಯಿತು. ಪಂಚಾಂಗದಲ್ಲಿ ಒಳ್ಳೆಯ ಮುಹೂರ್ತ ಇದ್ದ ದಿನವೆಲ್ಲ ಹುಡುಗ ಬೇರೆಯವರ ಮದುವೆಯಲ್ಲಿ ಊದಬೇಕು. ಹುಡುಗ ಖಾಲಿ ಇದ್ದ ದಿನ ಅಮಾವಾಸ್ಯೆಯೋ ಗ್ರಹಣವೋ. ಕಡೆಗೆ ಒಂದು ಮದುವೆ ಮುರಿದುಬಿದ್ದು ನಮಗೆ ದಿನ ಸಿಕ್ಕಿತು. ಬೇರೆಯವರ ದುಃಖದಲ್ಲಿ ಸಂತೋಷಪಡಬಾರದು, ಆದರೂ ನಾನು ಅವತ್ತು ಪಾಯಸ ಮಾಡಿದೆ. ಧಾರೆಯ ದಿನ ಇನ್ನೊಂದಾಯಿತು. ಪುರೋಹಿತರು ಕೈ ಮೇಲೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ತಾಳಿ ಹಿಡಿದು ನಿಂತಿದ್ದ ಮದುಮಗ ಹದಿನಾರನೇ ವಯಸ್ಸಿನಿಂದ ಆ ಮಾತಿಗೆ ಒಂದೇ ಕೆಲಸ ಮಾಡಿದವರು. ತಾಳಿಯನ್ನು ತಟ್ಟೆಗೆ ಹಾಕಿ, ಪಕ್ಕದಲ್ಲಿ ಊದುತ್ತಿದ್ದ ಶಿಷ್ಯನ ಕೈಯಿಂದ ನಾದಸ್ವರ ಕಿತ್ತುಕೊಂಡು ತಾವೇ ಶುರು ಮಾಡಿಬಿಟ್ಟರು. ಜನ ಅಕ್ಷತೆ ಹಾಕಿದ್ದೂ ಆಯಿತು. ತಾಳಿ ಮಾತ್ರ ತಟ್ಟೆಯಲ್ಲೇ ಇತ್ತು. ಪವಿತ್ರ ಮೊಣಕೈಯಲ್ಲಿ ತಿವಿದ ಮೇಲೆ ನೆನಪು ಬಂದು ಕಟ್ಟಿದರು. "ಹಸುಗೆ ಹಾಲು ಕರೆಯೋ ಹೊತ್ತು ಹೆಂಗೋ, ಇವ್ರಿಗೆ ಗಟ್ಟಿಮೇಳ ಹಂಗೆ" ಅಂತ ನಮ್ಮ ಯಜಮಾನರು ವಿವರಣೆ ಕೊಟ್ಟರು.

ಹೀಗೆ ಮದುವೆಯೇನೋ ಆಯಿತು. ಆದರೆ ಮದುವೆಯ ತಿಂಗಳುಗಳು ಮುಗಿದಿರಲಿಲ್ಲವಲ್ಲ. ಅಳಿಯಂದಿರು ಇವತ್ತು ನಂಜನಗೂಡು, ನಾಳೆ ಕೇರಳದ ಗಡಿ. ಬೆಳಗಿನ ಜಾವ ಮನೆಗೆ ಬಂದು ಮಲಗುವುದು, ಸಂಜೆ ಎದ್ದು ಶಲ್ಯ ಹೊದ್ದು ಹೊರಡುವುದು. ಆಷಾಢ ಹುಟ್ಟಿತು, ಮದುವೆಗಳು ನಿಂತವು, ಮನುಷ್ಯನಿಗೆ ಬಿಡುವಾಯಿತು. ಅಷ್ಟರಲ್ಲಿ ನಮ್ಮ ಪದ್ಧತಿ ಎದ್ದು ನಿಂತಿತು: ಹೊಸ ಮದುವಣಗಿತ್ತಿ ಮೊದಲ ಆಷಾಢದಲ್ಲಿ ತವರಿಗೆ ಬರಬೇಕು, ಗಂಡ ಅತ್ತ ಸುಳಿಯಬಾರದು. ಪ್ರಪಂಚದ ಗಂಡಂದಿರಿಗೆಲ್ಲ ಆಷಾಢ ಒಂದು ತಿಂಗಳ ವಿರಹ. ವಾಲಗದವನಿಗೆ ವರ್ಷದಲ್ಲಿ ಸಂಸಾರಕ್ಕೆ ಸಿಗುವ ಒಂದೇ ತಿಂಗಳು ಅದು. ಪದ್ಧತಿ ಮಾಡಿದವರ ಮನೆಯಲ್ಲಿ ವಾಲಗದವರು ಇರಲಿಲ್ಲ ಅಂತ ಕಾಣುತ್ತದೆ.

ಪವಿತ್ರ ಬಂದಳು. ಬಂದ ಮಾರನೆಯ ದಿನದಿಂದ ಅವಳಿಗೆ ಟೈಲರ್ ಅಂಗಡಿಯ ಹುಚ್ಚು ಹಿಡಿಯಿತು. ದಿನಾ "ಅವ್ವಾ, ರವಿಕೆ ಆಗ್ಯದಾ ಕೇಳ್ಕಬತ್ತೀನಿ" ಅಂತ ಹೋಗುತ್ತಿದ್ದಳು. ರವಿಕೆ ಆಗಲೇ ಇಲ್ಲ. ಒಂದು ಸಂಜೆ ಜಯಮ್ಮ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. ನಮ್ಮ ಬೀದಿಯಲ್ಲಿ ಪದ್ಧತಿ ಕಾಯುವ ಕೆಲಸವನ್ನು ಯಾರೂ ಕೊಡದೆ ತಾನೇ ವಹಿಸಿಕೊಂಡವಳು ಅವಳು.

"ಪವಿತ್ರನವ್ವ, ಹೇಳ್ಬಾರ್ದು, ಆದ್ರೂ ಹೇಳ್ತೀನಿ. ನಿನ್ ಮಗ್ಳು ಬಸ್ ಸ್ಟ್ಯಾಂಡಲ್ಲಿ ಯಾವನ್ ಜೊತೆಗೋ ಚುರುಮುರಿ ತಿಂತಾ ಕುಂತಿದ್ಲು."

ನಾನು ಸೌಟು ಕೆಳಗಿಟ್ಟೆ. "ಹೆಂಗಿದ್ದ?"

"ಕೆನ್ನೆ ಒಸಿ ದಪ್ಪ."

"ಅಯ್ಯೋ ಬುಡು, ಅವಳ ಗಂಡನೇ" ಅಂದೆ.

"ಗಂಡನಾ? ಅಂಗಾರೆ ಇನ್ನೂ ತಪ್ಪು ಕಣವ್ವ. ಆಷಾಢ" ಅಂದಳು ಜಯಮ್ಮ.

ಆ ರಾತ್ರಿ ಮಗಳನ್ನು ಕೂರಿಸಿಕೊಂಡು ಬೈಯಬೇಕೆಂದಿದ್ದೆ. ಅವಳೇ ಮೊದಲು ಅತ್ತಳು. "ಬಸ್ ಸ್ಟ್ಯಾಂಡಲ್ಲೂ ಮಾತಾಡಕಾಗಲ್ಲ ಕಣವ್ವ. ಮಾದೇಶಣ್ಣ ಅಲ್ವಾ, ಶ್ರಾವಣದಲ್ಲಿ ಡೇಟ್ ಅದಾ ಅಂತ ಯಾರಾರ ಬಂದು ಇಬ್ರ ಮಧ್ಯ ಕುಂತ್ಕಬುಡ್ತರ. ಗೋಪಾಲಸ್ವಾಮಿ ಬೆಟ್ಟಕ್ಕೋದ್ರೆ ಮಂಜಲ್ಲಿ ಯಾರಿಗೂ ಕಾಣಲ್ಲ ಅಂದ್ಕಂಡೋ. ಅಲ್ಲೂ ಒಬ್ರು ಸಿಕ್ಕುದ್ರು, ಒಂದ್ ಕೀರ್ತನೆ ಊದಿ ಅಂದ್ರು. ಮದ್ವೆಯಾಗಿ ಇಷ್ಟ್ ದಿನ ಆಯ್ತು, ನಾನವ್ರ್‌ನ ನಿದ್ದೆ ಮಾಡೋವಾಗ ಮಾತ್ರ ಚೆನ್ನಾಗಿ ನೋಡಿವ್ನಿ. ಅವ್ರಿಗೆ ಸಾರಿಗೆ ಉಪ್ಪು ಜಾಸ್ತಿ ಬೇಕಾ ಕಮ್ಮಿ ಬೇಕಾ ಅಂತಲೂ ಗೊತ್ತಿಲ್ಲ. ಶ್ರಾವಣ ಬಂದ್ರೆ ಮತ್ತೆ ಒಂಟೋಯ್ತರೆ. ನಾನು ಕಟ್ಕಂಡಿರದು ಅವ್ರನ್ನೋ ಅವ್ರ ಶಲ್ಯನೋ?"

ಆಗಿನ್ನೂ ಆ ಶಲ್ಯ ಒಗೆಯುವ ಪಾಡು ನನಗೆ ಬಂದಿರಲಿಲ್ಲ, ಆದರೂ ಆ ಮಾತು ನನಗೆ ನಾಟಿತು. ಹುಡುಗಿ ಹೀಗೇ ಇನ್ನೊಂದು ವರ್ಷ ಕಳೆದರೆ ಪ್ರಸಿದ್ಧರ ಹೆಂಡತಿಯಾಗಿರುತ್ತಾಳೆ, ಮಾದೇಶನ ಹೆಂಡತಿಯಾಗುವುದಿಲ್ಲ ಅಂತ ಭಯವಾಯಿತು. ಯಜಮಾನರನ್ನು ಕೇಳಿದೆ. ಅವರು, "ಆಷಾಢದಲ್ಲಿ ಜೊತೆಗಿದ್ರೆ ಬೇಸಿಗೇಲಿ ಕೂಸು ಹುಟ್ತದ ಅಂತ ತಾನೇ? ಬೇಸಿಗೇಲಿ ಹುಟ್ಟಿದ ಕರುಗಳೆಲ್ಲ ನಮ್ ಆಸ್ಪತ್ರೆಗೆ ಬಂದು ಸೂಜಿ ಹಾಕುಸ್ಕಂಡು ಚೆನ್ನಾಗವೆ" ಅಂದರು. ಇಷ್ಟು ಧೈರ್ಯದ ಮಾತನ್ನು ಅವರು ಮದುವೆಯಾದಾಗಿನಿಂದ ಆಡಿರಲಿಲ್ಲ.

ಆದರೂ ಜಯಮ್ಮನ ಬಾಯಿ ಉಂಟಲ್ಲ. ಮಾರನೆಯ ದಿನ ಒಂದು ಬಟ್ಟಲು ಉಪ್ಪಿನಕಾಯಿ ಹಿಡಿದು ಅವಳ ಮನೆಗೇ ಹೋಗಿ ಕೇಳಿದೆ. "ಜಯಮ್ಮ, ಅಳಿಯ ಬಂದ್ರೆ ಸರಿಯಾಗಿ ಯಾವ್ದು ತಪ್ಪು?"

"ಅತ್ತೆ ಅಳಿಯ ಒಂದೇ ಹೊಸ್ಲು ದಾಟ್ಬಾರ್ದು. ಅದೇ ದೊಡ್ ತಪ್ಪು."

"ಎರಡು ಹೊಸ್ಲಾದ್ರೆ?"

ಜಯಮ್ಮ ಉಪ್ಪಿನಕಾಯಿ ನೆಕ್ಕುತ್ತಿದ್ದ ಬೆರಳನ್ನು ಬಾಯಲ್ಲೇ ಇಟ್ಟುಕೊಂಡು ಯೋಚಿಸಿದಳು. "ಅದನ್ನ ಇದ್ವರ್ಗೂ ಯಾರೂ ಕೇಳಿಲ್ಲ" ಅಂದಳು.

ಯಾರೂ ಕೇಳಿಲ್ಲ ಅಂದ ಮೇಲೆ ಯಾರೂ ಬೇಡ ಅಂದೂ ಇಲ್ಲ. ಅಳಿಯಂದಿರಿಗೆ ಹೇಳಿ ಕಳಿಸಿದೆ. ಮುಂಬಾಗಿಲು ಅವರದು, ಹಿಂಬಾಗಿಲು ನನ್ನದು. ಪಡಸಾಲೆಯಿಂದಾಚೆ ಅವರು, ಅಡುಗೆಮನೆಯಿಂದೀಚೆ ನಾನು. ನಡುವಿನ ಹೊಸ್ತಿಲನ್ನು ತಟ್ಟೆ ಹಿಡಿದು ಪವಿತ್ರ ದಾಟುತ್ತಾಳೆ. ಮೊದಲ ದಿನ ನಾನು ಸೊಂಟ ಹಿಡಿದುಕೊಂಡು ಮಿಲ್ಲು ಸುತ್ತಿ ಬರುವುದನ್ನು ನೋಡಿ ಅಳಿಯಂದಿರು ಕಿಟಕಿಯಿಂದಲೇ, "ಅತ್ತೆಮ್ಮ, ನೀವು ಮುಂದ್ಗಡೇನೇ ಓಡಾಡಿ. ನಾ ಬೇಕಾರೆ ಈ ಕಿಟಕೀಲಿ ನುಗ್ಗೋಯ್ತೀನಿ" ಅಂದರು. ಕಿಟಕಿಗೆ ಸರಳಿವೆ, ಅಳಿಯಂದಿರಿಗೆ ಹೊಟ್ಟೆಯಿದೆ. ಬೇಡ ಅಂದೆ.

ಹೀಗೆ ನಡೆದಿತ್ತು. ಇವತ್ತು ಮಧ್ಯಾಹ್ನ ನಾನು ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದಾಗ ಮುಂದಿನ ಬೀದಿಯಲ್ಲಿ ಜೋರು ದನಿ ಕೇಳಿತು. ಗುಂಡ್ಲುಪೇಟೆಯಿಂದ ಬೀಗಿತ್ತಿ, ಅಂದರೆ ಅಳಿಯಂದಿರ ತಾಯಿ ಗೌರಮ್ಮ, ಮೊದಲ ಬಸ್ಸಿಗೆ ಜಾಗ ಸಿಗದೆ ಎರಡನೆಯದರಲ್ಲಿ ನಿಂತುಕೊಂಡು ಬಂದಿದ್ದರು. ಮಗ ಪ್ರೋಗ್ರಾಮ್ ಇದೆ ಅಂತ ನಾದಸ್ವರ ಹಿಡಿದು ಮನೆ ಬಿಟ್ಟಿದ್ದನಂತೆ. ಆಷಾಢದಲ್ಲಿ ಯಾವ ಮದುವೆಯಪ್ಪಾ ಅಂತ ಆಕೆಗೆ ಹೊಳೆಯಲು ಎರಡು ದಿನ ಹಿಡಿಯಿತು. ಹೊಳೆದ ಮೇಲೆ ಕರೆದುಕೊಂಡು ಹೋಗಲು ಬಂದಿದ್ದರು. ಮಗಳ ಮುಖ ಅಡುಗೆಮನೆ ಬಾಗಿಲ ಸಂದಿಯಲ್ಲಿ ಕಂಡಿತು. ಬಿಳುಚಿಕೊಂಡಿತ್ತು. ನಾನು ಹಿತ್ತಲಿಂದ ಹೊರಟು ಗಲ್ಲಿ ದಾಟಿ, ಮಿಲ್ಲು ಸುತ್ತಿ ಮುಂದಕ್ಕೆ ಬರುವ ಹೊತ್ತಿಗೆ ಗೌರಮ್ಮ ಒಂದು ಕಾಲೆತ್ತಿ ಹೊಸ್ತಿಲ ಮೇಲಿಡುವುದರಲ್ಲಿದ್ದರು. ಇಟ್ಟರೆ ಮಗ ಅವರ ಹಿಂದೆ ಹೊರಡಬೇಕು. ತಾಯಿಯ ಮುಂದೆ ಆ ಪ್ರಸಿದ್ಧರ ಪ್ರಸಿದ್ಧಿ ಏನೂ ನಡೆಯುವುದಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಕೂಗು ಬಿತ್ತು. ಕೂಗಿದವಳು ಜಯಮ್ಮ, ತನ್ನ ಜಗುಲಿಯಿಂದಲೇ. "ಅಕ್ಕಾ, ನಿಲ್ಲಿ ನಿಲ್ಲಿ. ಒಳಗೆ ಸೊಸೆ ಅವ್ಳೆ. ಅತ್ತೆ ಸೊಸೆ ಆಷಾಢದಲ್ಲಿ ಒಂದ್ ಹೊಸ್ಲು ದಾಟ್ತರಾ?"

ಗೌರಮ್ಮನ ಕಾಲು ಗಾಳಿಯಲ್ಲೇ ನಿಂತಿತು. ಪದ್ಧತಿ ಉಳಿಸಲು ಬಂದವರು ಪದ್ಧತಿ ಮುರಿಯುವುದಾದರೂ ಹೇಗೆ. "ಅಂಗಾರೆ ನಾ ಯಾವ್ ಕಡೆಯಿಂದ ಒಳಕ್ಕೋಗ್ಲಿ?" ಅಂದರು.

ಆ ವಿಷಯದಲ್ಲಿ ನನಗೆ ಆಗಲೇ ಸಾಕಷ್ಟು ಅನುಭವ ಇತ್ತು. ಕೈ ಹಿಡಿದು ಮಿಲ್ಲು ಸುತ್ತಿಸಿ ಹಿತ್ತಲಿಗೆ ಕರೆತಂದೆ. ಮಿಲ್ಲಿನವನು ಈ ಸಲ ನಮ್ಮಿಬ್ಬರನ್ನೂ ನೋಡಿ ತಾನೇ ಸರಿದು ದಾರಿ ಬಿಟ್ಟ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಗೌರಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಂಡು, "ನೋಡಿ ಅಕ್ಕ, ನನ್ ಮಗನ್ನ ಕಳ್ಸಿಬುಡಿ. ಸುಮ್ನೆ ನಾಕ್ ಜನದ ಬಾಯಿಗೆ ಬೀಳದ್ಬೇಡ" ಅಂತ ಶುರು ಮಾಡಿದರು. ಅಷ್ಟರಲ್ಲಿ ಪಡಸಾಲೆಯಿಂದ ಅಳಿಯಂದಿರ ದನಿ ಕೇಳಿಸಿತು. ತಾಯಿ ಹಿತ್ತಲ ಕಡೆ ನಡೆದದ್ದನ್ನು ತಪ್ಪಾಗಿ ತಿಳಿದು, ಊರಿಗೇ ಹೋದರು ಅಂದುಕೊಂಡಿದ್ದರೋ ಏನೋ, ಧೈರ್ಯ ಬಂದು, ಯಾವುದೋ ಮದುವೆಯಲ್ಲಿ ಡೋಲಿನವನು ನಿದ್ದೆ ಹೋಗಿ ಹಿಂದಕ್ಕೆ ಉರುಳಿದ ಕಥೆ ಹೇಳುತ್ತಿದ್ದರು. ಪವಿತ್ರ ನಗುತ್ತಿದ್ದಳು. ಅವಳು ನಕ್ಕಷ್ಟೂ ಇವರ ಕಥೆ ಉದ್ದವಾಗುತ್ತಿತ್ತು.

ಗೌರಮ್ಮ ಮಾತು ನಿಲ್ಲಿಸಿ ಕಿವಿಗೊಟ್ಟರು. "ಯಾರದು ಮಾತಾಡ್ತಿರದು?"

"ನಿಮ್ಮ ಮಗನೇ."

"ಇವ್ನು ಮಾತಾಡ್ತನಾ?" ಅಂದರು. "ನಮ್ಮನೇಲಿ ಊಟ ಅಂದ್ರೆ ಊಂ ಅಂತಿದ್ದ, ಸಾಕಾ ಅಂದ್ರೆ ಊಂ ಅಂತಿದ್ದ. ಗಾಳಿಯೆಲ್ಲ ಪೀಪಿಗೇ ಓಯ್ತದೆ, ಮಾತಿಗೆ ಉಳಿಯಲ್ಲ ಅಂದ್ಕಂಡಿದ್ದೆ."

ಆಮೇಲೆ ಕೈಚಾಚಿ ನನ್ನ ಮೊರದಿಂದ ಅರ್ಧ ಸೊಪ್ಪು ಎಳೆದುಕೊಂಡು ಸೋಸತೊಡಗಿದರು. ಒಂದೆರಡು ಸಲ ಗುಂಡ್ಲುಪೇಟೆ ಬಸ್ಸಿನ ಸುದ್ದಿ ಎತ್ತಿದರು. ಎತ್ತಿದಾಗಲೆಲ್ಲ ಒಳಗಿನಿಂದ ಇನ್ನೊಂದು ಕಥೆ ಶುರುವಾಗುತ್ತಿತ್ತು, ಅದು ಮುಗಿಯಲಿ ಅಂತ ಕೂರುತ್ತಿದ್ದರು. ಕಡೆಯ ಬಸ್ಸೂ ಹೋಯಿತು. "ಆಷಾಢ ಮುಗಿಯೋಗಂಟ ಇರ್ಲಿ ಬುಡಿ. ನಾನಂತೂ ನೋಡ್ಲಿಲ್ಲ, ಹೊಸ್ಲೂ ದಾಟ್ಲಿಲ್ಲ" ಅಂದರು.

ರಾತ್ರಿ ರಾಗಿಮುದ್ದೆ, ಸೊಪ್ಪಿನ ಉಪ್ಸಾರು, ಅರೆದ ಖಾರ, ಮೇಲೆ ಮಜ್ಜಿಗೆ. ಅಳಿಯಂದಿರಿಗೆ ಉಪ್ಪು ಕಮ್ಮಿ ಇರಬೇಕಂತೆ. ಪವಿತ್ರ ಒಳಗೆ ಬಂದು ಊರಿಗೆಲ್ಲ ಕೇಳುವಂತೆ ಹೇಳಿದಳು. ಬೀಗಿತ್ತಿ ಅಡುಗೆಮನೆಯಲ್ಲೇ ಚಾಪೆ ಹಾಸಿಕೊಂಡರು. ಪಡಸಾಲೆಯಲ್ಲಿ ಇನ್ನೂ ಮಾತು ನಡೆದಿತ್ತು. ಅದನ್ನು ಕೇಳುತ್ತ ಕೇಳುತ್ತ ನನಗೂ ಏನೋ ಆಯಿತು. ಯಾವ ಬಾಗಿಲಿನಿಂದ ಬೇಕಾದರೂ ಓಡಾಡಬಹುದಾದ ಈ ಮನೆಯ ಒಂದೇ ಒಂದು ಪ್ರಾಣಿಯಾದ ನಮ್ಮ ಯಜಮಾನರ ಪಕ್ಕದಲ್ಲಿ ಕೂತು, ನಮ್ಮ ಮೊದಲ ಆಷಾಢದಲ್ಲಿ ನಾನು ತವರಿಗೆ ಹೋಗಿದ್ದಾಗ ನಿಮಗೂ ಒಂದು ದಿನವಾದರೂ ಬಂದು ನೋಡಬೇಕು ಅನ್ನಿಸಿತ್ತಾ ಅಂತ ಕೇಳಿದೆ. ಸ್ವಲ್ಪ ನಾಚಿಕೆಯಾಗಿ ಗೋಡೆ ಕಡೆ ನೋಡುತ್ತಲೇ ಕೇಳಿದೆ. ಕೇಳಿ ಮುಗಿಸಿ ತಿರುಗಿ ನೋಡಿದರೆ, ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರೇ.