ಸತ್ತ ಮಾವ ಎದ್ದು ಬಂದ ಎರಡನೇ ಭಾಗ

ಕಾದಂಬರಿಯ ಕೊನೆಯ ಪುಟವನ್ನು ಮೊದಲೇ ನೋಡುವವರನ್ನು ನಾನು ಯಾವತ್ತೂ ಪೂರ್ತಿ ನಂಬಿದವಳಲ್ಲ. ಅಂಥವರು ಮದುವೆಗೆ ಹೋದರೆ ವಧೂವರರನ್ನು ನೋಡದೆ ಸೀದಾ ಊಟದ ಹಾಲಿಗೆ ನುಗ್ಗುತ್ತಾರೆ ಎಂಬುದು ನನ್ನ ಅನಿಸಿಕೆ. ನಮ್ಮ ಮನೆಯವರು ಎರಡನ್ನೂ ಮಾಡುವುದರಿಂದ ಇದಕ್ಕೆ ಮನೆಯಲ್ಲೇ ಪುರಾವೆ ಇದೆ. ನಾನು ಹಾಗಲ್ಲ. ಬೆನ್ನುಪುಟದ ಕಥಾಸಾರವನ್ನು ಕೂಡ ಅಂಗೈಯಿಂದ ಮುಚ್ಚಿಕೊಂಡು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಶಿಸ್ತಾಗಿ ನಡೆಯುವವಳು. ಈ ಶಿಸ್ತಿನ ಬಗ್ಗೆ ನನಗೆ ಸ್ವಲ್ಪ ಜಂಬ ಇತ್ತು. ಇತ್ತು ಎಂದೆ, ಗಮನಿಸಿ.

ಓದುವ ಹುಚ್ಚು ಜೋರಾದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದಾಗ. ಕಾಪುವಿನಿಂದ ಮಣಿಪಾಲದ ಕಚೇರಿಗೆ ದಿನಾ ಎರಡು ಬಸ್ಸು. ಕಟಪಾಡಿಯಲ್ಲಿ ಬಸ್ಸು ನಿಂತರೆ, ಡ್ರೈವರನಿಗೆ ಅಲ್ಲೇ ಜಾಗ ತೆಗೆದುಕೊಂಡು ಮನೆ ಕಟ್ಟುವ ಯೋಚನೆ ಬಂದಿದೆಯೋ ಎನ್ನುವಷ್ಟು ಹೊತ್ತು ನಿಲ್ಲುತ್ತಿತ್ತು. ಅಷ್ಟು ಹೊತ್ತಿಗೆ ದಪ್ಪ ಪುಸ್ತಕವೇ ಬೇಕು. ಮಣಿಪಾಲದಲ್ಲಿ, ಎಲ್ಲರೂ ವಾಸು ಮಾಮ್ ಎಂದು ಕರೆಯುವ ಕೊಂಕಣಿ ಹಿರಿಯರೊಬ್ಬರ ಬಾಡಿಗೆ ಪುಸ್ತಕಗಳ ಲೈಬ್ರರಿ ಇತ್ತು. ಓದು ಮುಗಿಸಿ ಊರಿಗೆ ಹೋಗುವ ಕಾಲೇಜು ಮಕ್ಕಳು ಬಿಟ್ಟುಹೋದ ಇಂಗ್ಲಿಷ್ ಪುಸ್ತಕಗಳೆಲ್ಲ ಕೊನೆಗೆ ಅವರ ಕಪಾಟು ಸೇರುತ್ತಿದ್ದವು. ತೀರಾ ದಪ್ಪದ್ದಾದರೆ ಮಾಮ್ ಅದನ್ನು ಉಡುಪಿಯ ಬೈಂಡರನಿಗೆ ಕೊಟ್ಟು ಎರಡು ತುಂಡು ಮಾಡಿಸುತ್ತಿದ್ದರು. ಒಂದೇ ಪುಸ್ತಕವನ್ನು ಇಬ್ಬರು ಏಕಕಾಲಕ್ಕೆ ಓದಬಹುದಲ್ಲ! ಬೈಂಡರ್ ಅಂಚು ಕತ್ತರಿಸುವಾಗ ಮೇಲಿನ ಪುಟಸಂಖ್ಯೆಗಳನ್ನೂ ಸೇರಿಸಿಯೇ ಕತ್ತರಿಸಿ ಕೊಡುತ್ತಿದ್ದ. ಅದನ್ನು ಯಾರೂ ದೊಡ್ಡ ವಿಷಯ ಮಾಡುತ್ತಿರಲಿಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ಪುಸ್ತಕಗಳ ಬೆನ್ನಿಗೆ ಚೀಟಿ ಬರೆದು ಅಂಟಿಸುವ ಕೆಲಸ ಶನಿವಾರ ಮಧ್ಯಾಹ್ನಗಳಲ್ಲಿ ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಪ್ರತಿಯಾಗಿ ಹೊಸದಾಗಿ ಬಂದದ್ದು ಮೊದಲು ನನ್ನ ಕೈಗೆ.

ಮಾಮ್ ಅವರದ್ದು ಇನ್ನೊಂದು ಪದ್ಧತಿ. ಪುಸ್ತಕ ಮುಗಿಸಿದವರು ಅಭಿಪ್ರಾಯ ಬರೆಯದೆ ಹೋಗುವಂತಿಲ್ಲ. ಕೊನೆಯಲ್ಲಿ ಒಂದು ಖಾಲಿ ಹಾಳೆ ಅಂಟಿಸಿ, ದಾರ ಕಟ್ಟಿದ ಪೆನ್ಸಿಲನ್ನು ಮುಂದೆ ಹಿಡಿಯುತ್ತಿದ್ದರು. "ಎರಡು ಸಾಲು ಬರೀರಿ. ಒಳ್ಳೆದುಂಟು ಅಂದ್ರೆ ಮುಂದಿನ ಭಾಗ ತರಿಸ್ತೇನೆ. ಇಲ್ಲಾಂದ್ರೆ ನನಗೂ ಕಪಾಟಿನಲ್ಲಿ ಜಾಗ ಇಲ್ಲ."

ಆ ಲೈಬ್ರರಿಯಲ್ಲಿ ನನ್ನ ತಲೆ ಕೆಡಿಸಿದ್ದು ಒಂದು ಮಾಯಾಲೋಕದ ಕಥೆ. ಮೂರು ಭಾಗ. ಅಂಬಿಗನ ಮಗಳೊಬ್ಬಳು ತನ್ನ ಒಕ್ಕಣ್ಣಿನ ಮಾವನ ಜೊತೆ, ಉಪ್ಪಿನ ಕೋಟೆಯಲ್ಲಿ ಅಡಗಿಸಿಟ್ಟ ತನ್ನ ರಾಜ್ಯವನ್ನು ಹುಡುಕಿ ಹೊರಡುವುದು. ಇಂಗ್ಲಿಷಿನಲ್ಲಿ ಬರೀ 'ಅಂಕಲ್' ಎಂದಿತ್ತು. ಆತ ಚಿಕ್ಕಪ್ಪನಲ್ಲ, ಸೋದರಮಾವನೇ ಎಂದು ತೀರ್ಮಾನ ಕೊಟ್ಟವರು ನಮ್ಮ ಕಚೇರಿಯ ಹೆಡ್ ಕ್ಲಾರ್ಕ್, ಕಾರ್ಕಳದ ರಾಜೀವಣ್ಣ. "ಆಸ್ತಿ ಸೊಸೆಗೆ ಕೊಡಿಸ್ಲಿಕ್ಕೆ ಇಷ್ಟು ಓಡಾಡುವವ ಮಾವನೇ ಆಗಬೇಕು ಮಾರಾಯ್ರೆ" ಎಂದರು. ಅಳಿಯಕಟ್ಟಿನ ಪ್ರಕಾರ ಆಸ್ತಿ ಹೆಣ್ಣಿನ ಕಡೆಯಿಂದ ಬರುವ ತುಳುನಾಡಿನಲ್ಲಿ ಇದಕ್ಕೆ ಮರುಮಾತಿಲ್ಲ. ಮೊದಲ ಭಾಗದ ಕೊನೆಯಲ್ಲಿ ಆ ಹುಡುಗಿ ಕೋಟೆಯ ಬಾಗಿಲು ತಟ್ಟುತ್ತಾಳೆ, ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಎಂಥ ಅನ್ಯಾಯ! ಎಂಟು ತಿಂಗಳು ಅವಳನ್ನು ಆ ಬಾಗಿಲ ಹೊರಗೆ ನಿಲ್ಲಿಸಿಕೊಂಡು ನಾನು ಅನ್ನ ಬೇಯಿಸಿದೆ, ಬಟ್ಟೆ ಒಗೆದೆ, ಟೈಪು ಮಾಡಿದೆ.

ಎರಡನೇ ಭಾಗ ಬಂತು. ರಕ್ಷಾಪುಟ ಇಲ್ಲ, ಮೊದಲ ಒಂದೆರಡು ಹಾಳೆಗಳೂ ಇಲ್ಲ, ಬೈಂಡರನ ಕೈಯಲ್ಲಿ ಎರಡು ತುಂಡಾಗಿ ಬಂತು. ಓದಿದೆ. ಬಾಗಿಲಿನ ಸುದ್ದಿಯೇ ಇಲ್ಲದೆ, ನದಿದಂಡೆಯಲ್ಲಿ ಮಾವನ ಚಿತೆಯಿಂದಲೇ ಕಥೆ ಶುರು! ಆಮೇಲೆ ಯುದ್ಧ, ಪಟ್ಟಾಭಿಷೇಕ. ಮೊದಲ ತುಂಡು ಮುಗಿದು ಎರಡನೆಯದು ಹಿಡಿದರೆ, ಕೋಟೆಯ ಬಾಗಿಲು ತೆರೆಯುತ್ತದೆ, ಸುಟ್ಟು ಬೂದಿಯಾದ ಮಾವ ಒಳಗೆ ಹೆಜ್ಜೆ ಇಡುತ್ತಾನೆ. ನಾನು ಗಾಬರಿಯಾಗಲಿಲ್ಲ. ರಂಗದ ಮೇಲೆ ಸತ್ತ ಯಕ್ಷಗಾನದ ವೇಷಧಾರಿ ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವುದನ್ನು ನೋಡಿ ಬೆಳೆದವಳು ನಾನು. ಅದಲ್ಲದೆ ಅದು ಮಾಯಾಲೋಕ. ಕೊನೆಯ ಪುಟದಲ್ಲಿ ಮಾವ ದೋಣಿಯಲ್ಲಿ ಒರಗಿ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾನೆ, ಸೊಸೆ ಅವನಿಗೆ ತನ್ನ ಶಾಲು ಹೊದಿಸುತ್ತಾಳೆ. ನನಗೆ ಕಣ್ಣು ತುಂಬಿ ಬಂತು. ಪೆನ್ಸಿಲು ಸಾಲದೆನಿಸಿ, ಚೀಲದಿಂದ ಶಾಯಿ ಪೆನ್ನು ತೆಗೆದು ಅರ್ಧ ಪುಟ ಬರೆದೆ: "ಲೇಖಕರು ಕಾಲವನ್ನು ಹಿಂದುಮುಂದಾಗಿಸಿ ಸಾವನ್ನೇ ಸೋಲಿಸಿದ್ದಾರೆ. ಚಿತೆಯಿಂದ ಆರಂಭವಾದ ಕಥೆ ನಿದ್ದೆಯಲ್ಲಿ ಮುಗಿಯುವುದು ಈ ಕೃತಿಯ ಹಿರಿಮೆ." ಕೆಳಗೆ ಪೂರ್ತಿ ಹೆಸರು ಬರೆದು ಸಹಿಯನ್ನೂ ಹಾಕಿದೆ.

ಉಳಿದವರ ಅಭಿಪ್ರಾಯಗಳು ಒಂದೊಂದಾಗಿ ಬರತೊಡಗಿದವು. "ಯುದ್ಧ ಸೂಪರ್, ಆಮೇಲೆ ಬರೀ ದೋಣಿ." "ಮೊದಲ ಭಾಗದ ಹತ್ತಿರಕ್ಕೂ ಬರುವುದಿಲ್ಲ." "ಮಾವ ಸತ್ತದ್ದು ಯಾಕೆ, ಬಂದದ್ದು ಯಾಕೆ?" ಅವುಗಳ ನಡುವೆ ಕೆಲವರು ಮಾತ್ರ ಹುಚ್ಚೆದ್ದು ಹೊಗಳಿದ್ದರು. "ಇಷ್ಟು ಚಂದದ ಪುಸ್ತಕ ಓದಿಯೇ ಇಲ್ಲ." "ಭಾಳ ಅತ್ತೆ. ಮೂರನೇದು ಯಾವಾಗ?" ಮಾಮ್ ಹಾಳೆಯನ್ನು ಬೆಳಕಿಗೆ ಹಿಡಿದು ತಲೆ ಕೆರೆದುಕೊಂಡರು.

"ಎಂತ ಸುಮತಿ ಇದು? ಕೆಲವರು ತಲೆ ಮೇಲೆ ಇಟ್ಕೊಂಡಿದ್ದಾರೆ, ಕೆಲವರು ಎತ್ತಿ ಬಿಸಾಡಿದ್ದಾರೆ. ಮೂರನೇದು ತರಿಸುವುದು ಬೇಡ ಅಂತ ಕಾಣ್ತದೆ."

ಬೇಡವೇ? ಪಟ್ಟ ಏರಿದ ಆ ಹುಡುಗಿಯ ಗತಿ ಮುಂದೇನು ಎಂದು ಗೊತ್ತಾಗದೆ ನಾನು ಸಾಯಬೇಕೇ? ಒಂದೇ ಪುಸ್ತಕ ಓದಿದವರು ಎರಡು ಬೇರೆ ಬೇರೆ ಪುಸ್ತಕ ಓದಿದವರ ಹಾಗೆ ಯಾಕೆ ಮಾತಾಡುತ್ತಾರೆ ಎಂಬ ಕುತೂಹಲ ಬೇರೆ. ವಿಚಾರಣೆಗೆ ನಾನೇ ಹೊರಟೆ. ಮೊದಲು ರಾಜೀವಣ್ಣ. ಅವರು ನನಗಿಂತಲೂ ಶಿಸ್ತಿನವರು, ಮೊದಲ ತುಂಡನ್ನು ಒಂದೂವರೆ ತಿಂಗಳು ಇಟ್ಟುಕೊಂಡು, ಕಾರ್ಕಳದ ಬಸ್ಸಿನಲ್ಲಿ ದಿನಕ್ಕೆ ಇಂತಿಷ್ಟೇ ಎಂದು ಓದಿದವರು.

"ಮಾವನನ್ನು ಸುಟ್ಟಾಗ ನಾನು ಬಸ್ಸಲ್ಲಿ ಬೇಜಾರು ಮಾಡಿಕೊಂಡು ಕೂತಿದ್ದೆ" ಎಂದರು. "ಒಂದೂವರೆ ತಿಂಗಳು ಕಳೆದ ಮೇಲೆ ನೋಡಿದ್ರೆ ಅವ ಆರಾಮ ಮೀನು ತಿಂತಾ ಇದ್ದಾನೆ! ನನ್ನ ಬೇಜಾರಿಗೆ ಬೆಲೆ ಇಲ್ವಾ?"

ಎರಡನೆಯ ಸಾಕ್ಷಿ ನರ್ಸ್ ಶೈಲಾ. ಬಾಗಲಕೋಟೆ ಕಡೆಯವಳು, ಮಣಿಪಾಲಕ್ಕೆ ಕೆಲಸಕ್ಕೆ ಬಂದವಳು. "ಭಾಳ ಅತ್ತೆ" ಎಂದು ಬರೆದದ್ದು ಇವಳೇ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಸಿಕ್ಕಳು.

"ಅಕ್ಕಾರ, ಅದರಾಗ ತಿಳೀಲಾರದ್ದು ಏನೈತ್ರಿ? ಬಾಗಿಲಾ ತೆಗೀತಾರ, ಒಳಗ ಹೋಗ್ತಾರ, ದೋಣ್ಯಾಗ ಮಾವ ತೀರಿಕೊಳ್ತಾನ, ಸುಡ್ತಾರ, ಆಕಿ ಯುದ್ಧ ಗೆಲ್ತಾಳ. ಭಾಳ ಛಲೋ ಐತಿ."

"ದೋಣಿಯಲ್ಲಿ ತೀರಿಕೊಳ್ಳುವುದಿಲ್ಲ ಶೈಲಾ, ನಿದ್ದೆ ಮಾಡುತ್ತಾನೆ."

ಅವಳು ನನ್ನನ್ನು ರೋಗಿಯ ಮನೆಯವರನ್ನು ನೋಡುವ ಹಾಗೆ ನೋಡಿದಳು. "ಅದು ನಿದ್ದಿ ಅಲ್ರಿ ಅಕ್ಕಾರ. ಕೈ ತಣ್ಣಗಾಗೈತಿ ಅಂತ ಬರ್ದಾರಲ್ಲ. ಶಾಲು ಅದಕ್ಕ ಹೊಚ್ಚಿದ್ಲು."

ನಗಬೇಡಿ, ಆರು ತಿಂಗಳಿಂದ ಆ ಮುದುಕ ದೋಣಿಯಲ್ಲಿ ನಿದ್ದೆ ಮಾಡುತ್ತಿದ್ದಾನೆ ಎಂದು ನಂಬಿ ಹಾಯಾಗಿದ್ದೆ ನಾನು. ಕಟಪಾಡಿಯಲ್ಲಿ ಬಸ್ಸು ನಿಂತಾಗಲೆಲ್ಲ ಅವನ ನೆನಪು ಮಾಡಿಕೊಳ್ಳುತ್ತಿದ್ದೆ. ಸುಧಾರಿಸಿಕೊಂಡು ಕೇಳಿದೆ, "ನೀನು ಯಾವ ತುಂಡು ಮೊದಲು ಓದಿದ್ದು?"

"ಎರಡನೇದ್ರಿ. ಒಂದನೇದು ನಿಮ್ಮ ರಾಜೀವಣ್ಣಾರ ಕಡೆ ಇತ್ತಲ್ಲ, ಯಾರು ಕಾಯ್ತಾರ? ಇದ್ದದ್ದನ್ನ ಒಯ್ದೆ."

ಮರುದಿನ ಮಾಮ್ ಎದುರು ಎರಡೂ ತುಂಡುಗಳನ್ನು ಇಟ್ಟು ವಿಷಯ ಹೇಳಿದೆ. ಅವರು ಹಾಳೆಯ ಮೇಲೆ ಬೆರಳಾಡಿಸುತ್ತ, ಯಾರು ಏನನ್ನು ಮೊದಲು ಒಯ್ದಿದ್ದರು ಎಂದು ನೆನಪು ಮಾಡಿಕೊಂಡರು. ನನ್ನೊಬ್ಬಳನ್ನು ಬಿಟ್ಟು ಹೊಗಳಿದವರೆಲ್ಲ ಕಾಯುವ ತಾಳ್ಮೆಯಿಲ್ಲದೆ ಎರಡನೇ ತುಂಡನ್ನು ಮೊದಲು ಕೊಂಡುಹೋದವರು. ಬೈದವರೆಲ್ಲ ಒಂದಾದ ಮೇಲೆ ಎರಡು ಎಂದು ಸರದಿಗೆ ಕಾದ ಸಜ್ಜನರು. ನನಗೆ ರೇಗಿಹೋಯಿತು. "ಎಲ್ಲ ಆ ಬೈಂಡರನ ಕೆಲಸ ಮಾಮ್. ಹಿಂದಿನದ್ದನ್ನು ಮುಂದೆ ಮಾಡಿ ನಂಬರು ಹಾಕಿಬಿಟ್ಟಿದ್ದಾನೆ. ಅವನನ್ನು ಸರೀ ದಬಾಯಿಸಬೇಕು."

ಮಾಮ್ ಚಿತೆಯಿಂದ ಶುರುವಾಗುವ ತುಂಡನ್ನು ಎತ್ತಿ ಅದರ ಬೆನ್ನನ್ನು ನನ್ನ ಕಡೆ ತಿರುಗಿಸಿದರು. ಬಿಳಿ ಚೀಟಿಯಲ್ಲಿ ದುಂಡಗೆ, ಮುದ್ದಾಗಿ, '೧'. ಇಡೀ ಮಣಿಪಾಲದಲ್ಲಿ ಒಂದನ್ನು ಅಷ್ಟು ದುಂಡಗೆ ಬರೆಯುವವಳು ನಾನೊಬ್ಬಳೇ.

"ಅಂಟಿಸುವಾಗ ಒಳಗೆ ಸ್ವಲ್ಪ ನೋಡ್ಲಿಕ್ಕಾಗ್ಲಿಲ್ವಾ?"

ಆಗ ಆ ಶನಿವಾರ ನೆನಪಿಗೆ ಬಂತು. ಎರಡು ತುಂಡುಗಳೂ ಅಂಟಿನ ವಾಸನೆ ಹೊಡೆಯುತ್ತ ಮೇಜಿನ ಮೇಲಿದ್ದವು. ತೆರೆದರೆ ಬಾಗಿಲಿನ ಹಿಂದೆ ಏನಿದೆ ಎಂಬುದು ಅಪ್ಪಿತಪ್ಪಿ ಕಣ್ಣಿಗೆ ಬಿದ್ದೀತೆಂದು ಹೆದರಿ, ಮುಖವನ್ನು ಅತ್ತ ತಿರುಗಿಸಿಕೊಂಡೇ ಚೀಟಿ ಅಂಟಿಸಿದ್ದೆ. "ಕುತೂಹಲ ಹಾಳಾಗ್ತದೆ ಅಂತ ನೋಡಲಿಲ್ಲ ಮಾಮ್" ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಮಾತಾಡಿದ್ದು ನನ್ನ ಮದುವೆಯ ಮಾತುಕತೆಯ ದಿನವೊಂದೇ. ನಮ್ಮ ಮನೆಯವರಿಗೆ ಹೇಳಿದರೆ ಅವರು ಕೊನೆಯ ಪುಟ ಮೊದಲು ಓದುವುದರ ಲಾಭವನ್ನು ವಾರಗಟ್ಟಲೆ ವಿವರಿಸುತ್ತಾರೆಂದು ಇವತ್ತಿನವರೆಗೂ ಹೇಳಿಲ್ಲ.

ಮಾಮ್ ಒಳ್ಳೆಯವರು. ಚೀಟಿ ಬದಲಾಯಿಸಿದರು, ಬೈದವರನ್ನೆಲ್ಲ ಕರೆದು ಸರಿಯಾದ ಕ್ರಮದಲ್ಲಿ ಇನ್ನೊಮ್ಮೆ ಓದಲು ಕೊಟ್ಟರು. ರಾಜೀವಣ್ಣ ಮತ್ತೆ ಒಂದೂವರೆ ತಿಂಗಳು ತೆಗೆದುಕೊಂಡು, "ಈಗ ಬೇಜಾರಿಗೆ ಒಂದು ಮರ್ಯಾದೆ ಬಂತು" ಎಂದು ಬರೆದರು. ಮೂರನೇ ಭಾಗವೂ ಬಂತು. ಈ ಸಲ ತುಂಡು ಮಾಡಿಸಲಿಲ್ಲ, ಚೀಟಿ ಅಂಟಿಸಿದ್ದು ಶೈಲಾ, ಸರದಿಯಲ್ಲಿ ನಾನು ಎಲ್ಲರಿಗಿಂತ ಕೊನೆ.

ಹಳೆಯ ಅಭಿಪ್ರಾಯಗಳನ್ನೆಲ್ಲ ಮಾಮ್ ರಬ್ಬರಿನಿಂದ ಒರೆಸಿದರು. ಪೆನ್ಸಿಲಿನದ್ದೆಲ್ಲ ಹೋಯಿತು. ಶಾಯಿಯದ್ದು, ಸಹಿ ಸಮೇತ, ಉಳಿಯಿತು. ಒಂದು ದಿನ ನೋಡಿದರೆ ಅದರ ಕೆಳಗೆ ಯಾರೋ ಕಾಲೇಜು ಹುಡುಗಿ ಬರೆದಿದ್ದಳು: "ಮೇಲೆ ಶಾಯಿಯಲ್ಲಿ ಬರೆದವರು ಓದಿದ್ದು ಯಾವ ಪುಸ್ತಕ? ಕೊನೆಯಲ್ಲಿ ಮಾವ ಬದುಕಿರುವಂಥದ್ದು ಲೈಬ್ರರಿಯಲ್ಲಿ ಉಂಟಾ? ಇದ್ದರೆ ನನಗೆ ಅದು ಬೇಕು."

ದಾರ ಕಟ್ಟಿದ ಪೆನ್ಸಿಲನ್ನು ಎತ್ತಿಕೊಂಡು ಅದರ ಕೆಳಗೆ ಬರೆದೆ: "ನನಗೂ." ಈ ಸಲ ಸಹಿ ಹಾಕಲಿಲ್ಲ.