ಇಬ್ಬರ ವಯಸ್ಸಿನ ಕಾಳು

"ನೋಡಿ, ಸೋಯಾಕಾಳಿನಲ್ಲಿ ಗಿಡದ ಈಸ್ಟ್ರೋಜೆನ್ ಅಂತ ಒಂದು ಸತ್ವ ಇದೆ. ಹೆಂಗಸರ ಮೈಯಲ್ಲಿ ಹುಟ್ಟೋ ಹಾರ್ಮೋನಿಗೆ ಅದು ದೂರದ ನೆಂಟ ಇದ್ದ ಹಾಗೆ. ಹೊಟ್ಟೆಗೆ ಹೋದ ತಕ್ಷಣ ಕೆಲಸಕ್ಕಿಳಿಯಲ್ಲ. ಕರುಳಲ್ಲಿರೋ ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನ ಒಡೆದು ಬೇರೆ ರೂಪಕ್ಕೆ ತರಬೇಕು. ಆ ಜೀವಿಗಳು ಸುಮಾರು ಅರ್ಧ ಜನರ ಹೊಟ್ಟೇಲಿ ಇದಾವೆ, ಇನ್ನರ್ಧ ಜನರಲ್ಲಿ ಇಲ್ಲ. ಅದು ಕರುಳಿನ ಒಳಪದರವನ್ನ ಬಿಗಿ ಮಾಡಬಹುದು, ಕರುಳಿನ ನಡಿಗೆಯನ್ನೂ ಬದಲಿಸಬಹುದು ಅಂತ ಇಲಿಗಳಲ್ಲಿ ನೋಡಿದಾರೆ. ಮನುಷ್ಯರ ವಿಷಯ ಇನ್ನೂ ಗಟ್ಟಿಯಾಗಿ ಹೇಳೋಕಾಗಲ್ಲ. ಅದಕ್ಕೇ ದಿನಾ ತಿನ್ನೋ ತೋಫು, ಮಿಸೊ ಸಾರು ತಿನ್ಕೊಂಡು ಹಾಯಾಗಿರಿ. ಔಷಧಿ ಅಂತ ಮುಕ್ಕಬೇಡಿ."

ದೆವ್ವ ಓಡಿಸಲು ಹುರಿದ ಸೋಯಾಕಾಳೆರಚುವ ಹಬ್ಬದ ಹಿಂದಿನ ದಿನ ಊರಿನ ಸಭಾಭವನದಲ್ಲಿ ಹಯಾಮಿ ಡಾಕ್ಟರಮ್ಮ ಹೇಳಿದ ಮಾತಿದು. ನಾನು ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ನನ್ನ ಗಂಡ ಕತ್ಸುಜಿಗೆ ಎಡಗಿವಿ ಮಂದ. ಬಲಗಿವಿಗೆ ತನಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ. ಈ ಸಲ ಕೇಳಿಸಿದ್ದು ಮೂರೇ ಪದ: ಸೋಯಾ, ಕರುಳು, ನಡಿಗೆ.

ಅವರ ಕಷ್ಟವೂ ಸುಳ್ಳಲ್ಲ. ಪ್ರಾಣಿಗಳ ಹೆಸರಿನ ಹನ್ನೆರಡು ವರ್ಷದ ಚಕ್ರದಲ್ಲಿ ಈ ವರ್ಷ ಅವರು ಹುಟ್ಟಿದ ಕುದುರೆ ವರ್ಷ. ಕುದುರೆ ವರ್ಷದ ಗಂಡಸರು ಗುಡಿಯ ಅಟ್ಟದ ಮೇಲೆ ನಿಂತು ಊರಿಗೆಲ್ಲ ಕಾಳೆರಚಬೇಕು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಸರದಿ. ಕಳೆದ ಸರದಿಯಲ್ಲಿ ಹಿಮ ಬಿದ್ದು ದಾರಿಯೇ ಮುಚ್ಚಿತ್ತು. ಈಗ ಎಂಬತ್ತನಾಲ್ಕು. (ಮುಂದಿನ ಸರದಿಗೆ ತೊಂಬತ್ತಾರು. ಆಗ ಇವರು ಕಾಳು ಎಸೆಯುವುದಿರಲಿ, ಕಾಳೇ ಇವರನ್ನು ಎಸೆದೀತು.) ಅಟ್ಟದ ಮೇಲೆ ಅವರನ್ನು ಕಣ್ತುಂಬ ನೋಡಬೇಕು, ಅವರ ಕೈಯಿಂದ ಬಿದ್ದ ಕಾಳು ಹಿಡಿಯಬೇಕು ಎಂಬುದೊಂದೇ ನನ್ನ ಆಸೆ. ಆದರೆ ಮಹಾಪುರುಷರಿಗೆ ನಾಲ್ಕು ದಿನದಿಂದ ಹೊಟ್ಟೆ ಕಟ್ಟಿ, ಹಬ್ಬದ ಉಡುಪಿನ ಸೊಂಟಪಟ್ಟಿ ಸುತ್ತುತ್ತಲೇ ಇರಲಿಲ್ಲ.

ಸಂಜೆ ನಾನು ಕಾಳು ಹುರಿದು, ಮರದ ಪೆಟ್ಟಿಗೆಗೆ ತುಂಬಿ, ದೇವರ ಹಲಗೆಯ ಮೇಲಿಟ್ಟು ಬರುವಷ್ಟರಲ್ಲಿ ಇವರು ಅದನ್ನು ಇಳಿಸಿಕೊಂಡು ಕೂತಿದ್ದರು.

"ರೀ, ಅದು ನಾಳೆ ಸಂಜೆಗೆ! ದೇವರ ಮುಂದಿಟ್ಟಿದ್ದು!"

"ದೇವರಿಗೆ ಹೊಟ್ಟೆ ಕಟ್ಟಿದೆಯೇನೇ? ನನಗೆ ಕಟ್ಟಿದೆ. ವಯಸ್ಸಿಗಿಂತ ಒಂದು ಕಾಳು ಹೆಚ್ಚು ತಿನ್ನೋ ಪದ್ಧತಿ ಇದೆ, ಎಂಬತ್ತೈದು ತಿಂತೀನಿ."

"ಮುಕ್ಕಬೇಡಿ ಅಂತ ಡಾಕ್ಟರಮ್ಮ ಹೇಳ್ಲಿಲ್ವೇ?"

"ಹೇಳಿದ್ರೇ? ನನಗೆ ಕೇಳಿಸ್ಲಿಲ್ಲ."

ಹತ್ತು ಕಾಳು ಕಟಕಟ ಅಗಿದರು. ಕಟ್ಟಿನ ಹಲ್ಲು ಸೋತಿತು. "ಸ್ನಾನ ಮಾಡಿ ಬಂದು ಉಳಿದದ್ದು ಮುಗಿಸ್ತೀನಿ" ಎಂದು ಹೋದರು.

ನಾನು ಪೆಟ್ಟಿಗೆಯನ್ನು ನನ್ನತ್ತ ಎಳೆದುಕೊಂಡೆ. ಕಟ್ಟಿದ್ದು ನಾಳೆ ಅಟ್ಟದ ಮೇಲೆ, ಊರ ಮುಂದೆ, ಬಿಟ್ಟುಕೊಂಡರೆ? ಬಚ್ಚಿಟ್ಟರೆ ಮನೆಯೆಲ್ಲ ಹುಡುಕುವ ಆಸಾಮಿ. ದೇವರ ಕಾಳನ್ನು ಎಸೆಯುವುದೂ ತಪ್ಪು. ಸರಿ, ಪತಿಯ ಮಾನರಕ್ಷಣೆಗಾಗಿ ಅವರ ಪಾಲನ್ನೂ, ಜೊತೆಗೆ ನನ್ನ ಎಂಬತ್ತೊಂದು ವರ್ಷದ ಪಾಲನ್ನೂ ನಾನೇ ನುಂಗಿದೆ. (ನನ್ನ ಹಲ್ಲು ಇನ್ನೂ ನನ್ನವೇ. ಅದೊಂದು ಜಂಬ.)

ಸ್ನಾನ ಮುಗಿಸಿ ಬಂದವರು ಖಾಲಿ ಪೆಟ್ಟಿಗೆ ನೋಡಿದರು. "ಅಷ್ಟೂ ತಿಂದುಬಿಟ್ನಾ? ಭೇಷ್!"

ಬೆಳಿಗ್ಗೆ ಪಾಯಿಖಾನೆಯಿಂದ ಗೆದ್ದ ರಾಜನಂತೆ ಹೊರಬಂದರು. "ಲೇ, ಪಟ್ಟಿ ತಾ! ಎರಡು ಸುತ್ತು ಬರುತ್ತೆ!"

ನನ್ನ ಹೊಟ್ಟೆಯಲ್ಲಿ ಡೋಲು ಶುರುವಾದದ್ದು ಗುಡಿಯ ಮೆಟ್ಟಿಲ ಹತ್ತಿರ. ಇವರು ಅಟ್ಟ ಹತ್ತುತ್ತಿದ್ದಂತೆ ನಾನು ಹಿಂದಿನ ಶೌಚಾಲಯದ ಸಾಲಿಗೆ ಓಡಿದೆ. ಮುಂದೆ ನಿಂತಿದ್ದವರು ಯಾರು ಅಂತೀರಿ? ಹಯಾಮಿ ಡಾಕ್ಟರಮ್ಮ!

"ಯಾಕಜ್ಜಿ, ಬೆವರ್ತಿದೀರಿ?"

"ಕಾಳು ತಿಂದೆ, ತಾಯಿ."

"ಎಷ್ಟು?"

"ಇಬ್ಬರ ವಯಸ್ಸಿನಷ್ಟು."

"ಅಯ್ಯೋ! ಅದು ಈಸ್ಟ್ರೋಜೆನ್ ಕೆಲಸ ಅಲ್ಲ ಅಜ್ಜಿ, ಬರೀ ನಾರು, ವಾಯು! ಮುಕ್ಕಬೇಡಿ ಅಂತ ಬಡ್ಕೊಂಡೆನಲ್ಲ. ಒಬ್ಬರಾದ್ರೂ ಕೇಳಿಸ್ಕೊಳ್ಳಲ್ವೇ?"

ಸಾಲಿಗೆ ಸಾಲೇ ನಕ್ಕು ನನಗೆ ದಾರಿ ಬಿಟ್ಟಿತು. ಬಾಗಿಲ ಚಿಲಕ ಹಾಕಿಕೊಂಡು ಕೂತಿದ್ದಾಗ ಹೊರಗೆ ಇವರ ದನಿ ಕೇಳಿಸಿತು: "ದೆವ್ವ ಆಚೆಗೆ! ಭಾಗ್ಯ ಒಳಗೆ!" ಎಂಥ ಗಟ್ಟಿ ದನಿ! ಅಲ್ಲಿಂದಲೇ ಕೈಮುಗಿದೆ. ಹೊರಗೆ ಬರುವಷ್ಟರಲ್ಲಿ ಅಟ್ಟ ಖಾಲಿ. ನೆಲದಲ್ಲಿ ಪಾರಿವಾಳಗಳು ಕಾಳು ಹೆಕ್ಕುತ್ತಿದ್ದವು.

ಮನೆಗೆ ಬಂದು ಮಂಕಾಗಿ ಕೂತೆ. ಇವರು ಉಡುಪಿನ ಅಗಲ ತೋಳಿನೊಳಗಿಂದ ಕಾಳಿನ ಒಂದು ಪೊಟ್ಟಣ ತೆಗೆದರು.

"ನಿನ್ನ ಮುಖ ಹುಡುಕಿ ಹುಡುಕಿ ಸಾಕಾಯ್ತು. ಕಾಣಿಸ್ಲಿಲ್ಲ. ನಿನಗೇ ಅಂತ ಒಂದು ಉಳಿಸ್ಕೊಂಡೆ."

ಪೊಟ್ಟಣ ಒಡೆದು ಮತ್ತೆ ಅದೇ ದನಿಯಲ್ಲಿ "ಭಾಗ್ಯ ಒಳಗೆ!" ಎಂದು ನನ್ನ ತಲೆಯ ಮೇಲೆ ಸುರಿದರು. ಊರಿಗೆಲ್ಲ ಒಂದು ಹಿಡಿ, ನನಗೊಬ್ಬಳಿಗೇ ಪೂರ್ತಿ ಪೊಟ್ಟಣ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಡಾಕ್ಟರಮ್ಮ ಹೇಳಿದ್ರು ಕಣೇ, ನಿನ್ನ ಹೊಟ್ಟೆ ಕೆಟ್ಟಿದ್ದು. ಸತ್ವ, ಜೀವಿ ಅಂತ ಎಲ್ಲಾ ಮತ್ತೆ ಬಿಡಿಸಿ ಹೇಳಿದ್ರು" ಎಂದರು ಮರುಕದಿಂದ. "ನಾನೂ ಎಂಬತ್ತೈದು ತಿಂದೆ, ನನಗೇನಾಯ್ತು? ಹೆಂಗಸರ ಸತ್ವ ಗಂಡಸಿಗೇ ಒಗ್ಗೋದು ನೋಡು. ಪಾಪ, ನಿನ್ನ ಹೊಟ್ಟೇಲಿ ಆ ಜೀವಿಗಳಿಲ್ಲ!"

ನಿಜವನ್ನೂ ಕಾಳಿನಂತೆ ನುಂಗಿ ಎದ್ದೆ. ಅಷ್ಟೊಂದು ಕಾಳು ಅಗಿಯಲಾರದವರಿಗೆಂದೇ ಇರುವ ಪದ್ಧತಿಯಂತೆ ಮೂರು ಕಾಳು ಹಾಕಿ ಅವರಿಗೊಂದು ಲೋಟ ಚಹಾ ಮಾಡಿಕೊಟ್ಟು, ಪೊರಕೆ ತಂದು ಚಾಪೆಯ ಸಂದಿಯಿಂದ ಭಾಗ್ಯವನ್ನೆಲ್ಲ ಗುಡಿಸತೊಡಗಿದೆ.

"ಕಾಲೆತ್ತಿ" ಎಂದೆ. ಎತ್ತಿದರು.